ಗೋಲ್‌ಕೀಪರ್ ಗ್ಲೌಸ್: ನೆಲ ನೋಡಿ ಕೊಳ್ಳಿ, ನೀರು ಕೊಟ್ಟು ಉಳಿಸಿಕೊಳ್ಳಿ

ಗೋಲ್‌ಕೀಪರ್ ಗ್ಲೌಸಿನ ಅಂಗೈಯಲ್ಲಿ ಇರುವುದು ಲ್ಯಾಟೆಕ್ಸ್ ಫೋಮ್, ಅಂದರೆ ರಬ್ಬರ್ ಹಾಲನ್ನು ನೊರೆ ಎಬ್ಬಿಸಿ ಗಟ್ಟಿ ಮಾಡಿದ ಸ್ಪಂಜು. ಚೆಂಡನ್ನು ಹಿಡಿದು ನಿಲ್ಲಿಸುವುದೂ ಅದೇ, ಎಲ್ಲಕ್ಕಿಂತ ಮೊದಲು ಸವೆಯುವುದೂ ಅದೇ. ಲ್ಯಾಟೆಕ್ಸ್ ಮೆತ್ತಗಿದ್ದಷ್ಟೂ ಚೆಂಡು ಕೈಗೆ ಕಚ್ಚಿಕೊಳ್ಳುತ್ತದೆ, ಹಾಗೆಯೇ ಬೇಗ ಕಿತ್ತೂ ಹೋಗುತ್ತದೆ. ಹಿಡಿತವೂ ಬಾಳಿಕೆಯೂ ಎರಡೂ ಪೂರ್ತಿ ಇರುವ ಗ್ಲೌಸ್ ಎಷ್ಟು ದುಡ್ಡು ಕೊಟ್ಟರೂ ಸಿಗುವುದಿಲ್ಲ. ಅದಕ್ಕೇ ಅಂಗಡಿಗೆ ಹೋಗುವ ಮುಂಚೆ ಕಂಪನಿಯ ಹೆಸರಿಗಿಂತ ಮೊದಲು ಯೋಚಿಸಬೇಕಾದದ್ದು ನೀವು ಡೈವ್ ಹೊಡೆದು ಬೀಳುವ ನೆಲ ಯಾವುದು ಎಂಬುದನ್ನು.

ಯಾವ ನೆಲಕ್ಕೆ ಯಾವ ಲ್ಯಾಟೆಕ್ಸ್

ನಮ್ಮಲ್ಲಿ ಹೆಚ್ಚಿನ ಹುಡುಗರು ಆಡುವುದು ಒಣಗಿದ ಕೆಂಪು ಮಣ್ಣಿನ ಮೈದಾನದಲ್ಲಿ, ಇಲ್ಲವೇ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಟರ್ಫ್‌ನಲ್ಲಿ. ಬೆಂಗಳೂರಿನಲ್ಲಿ ಲೀಗ್ ಪಂದ್ಯಗಳು ನಡೆಯುವ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಇರುವುದೂ ಕೃತಕ ಹುಲ್ಲೇ. ದೊಡ್ಡ ಕಂಪನಿಗಳ ಅತಿ ದುಬಾರಿ ಗ್ಲೌಸ್ ತಯಾರಾಗುವುದು ನೀರು ಹಾಯಿಸಿದ ಮೆತ್ತನೆ ಹುಲ್ಲಿನ ಮೈದಾನಕ್ಕೆ. ಅದೇ ಗ್ಲೌಸ್ ತೊಟ್ಟು ಗಟ್ಟಿ ಮಣ್ಣಿನ ಮೇಲೆ ಬಿದ್ದರೆ ಒಂದೆರಡು ಪಂದ್ಯಗಳಲ್ಲೇ ಅಂಗೈಯ ಬುಡದಲ್ಲಿ ಲ್ಯಾಟೆಕ್ಸ್ ಚೂರುಚೂರಾಗಿ ಏಳಬಹುದು. ಅದು ಗ್ಲೌಸಿನ ದೋಷವಲ್ಲ. ಮರಳು ಕಾಗದದಂಥ ನೆಲಕ್ಕೆ ಮೆತ್ತನೆ ಸ್ಪಂಜನ್ನು ಉಜ್ಜಿದರೆ ಆಗುವುದೇ ಅಷ್ಟು.

ಕಂಪನಿಗಳು ಲ್ಯಾಟೆಕ್ಸಿಗೆ ತಮ್ಮದೇ ಹೆಸರು ಇಡುತ್ತವೆ. ಉದಾಹರಣೆಗೆ ಊಲ್‌ಸ್ಪೋರ್ಟ್‌ನಲ್ಲಿ ಅಬ್ಸಲ್ಯೂಟ್‌ಗ್ರಿಪ್ ಮೇಲಿನ ದರ್ಜೆ, ಸೂಪರ್‌ಸಾಫ್ಟ್ ನಡುವಿನದು, ಸ್ಟಾರ್ಟರ್ ಕೆಳಗಿನದು. ಹೆಸರು ಏನೇ ಇರಲಿ, ಬೆರಳಿನಿಂದ ಒತ್ತಿ ನೋಡಿದರೆ ಗೊತ್ತಾಗುತ್ತದೆ. ಮೃದುವಾಗಿ ಒಳಹೋಗಿ, ಬೆರಳನ್ನು ಸ್ವಲ್ಪ ಅಂಟಿಕೊಂಡಂತೆ ಬಿಟ್ಟರೆ ಅದು ಪಂದ್ಯದ ದರ್ಜೆ. ಒತ್ತಿದಾಗ ಗಡಸಾಗಿ, ಮೇಲ್ಮೈ ನುಣುಪಾಗಿ ಬೆರಳು ಜಾರಿದರೆ ಅಭ್ಯಾಸದ ದರ್ಜೆ. ಮಣ್ಣಿನ ಮೈದಾನಕ್ಕೂ ಟರ್ಫ್‌ಗೂ ಇವೆರಡರ ನಡುವಿನ ದರ್ಜೆಯೇ ಸರಿ. ಅಂಗೈ ತುಂಬ ಗುಳ್ಳೆ ಗುಳ್ಳೆ ರಬ್ಬರ್ ಇರುವ ಅಗ್ಗದ ಜೋಡಿಗಳೂ ಅಂಗಡಿಯಲ್ಲಿ ತೂಗುತ್ತಿರುತ್ತವೆ. ಅವು ವರ್ಷಗಟ್ಟಲೆ ಬಾಳುತ್ತವೆ, ಆದರೆ ಚೆಂಡು ನಿಲ್ಲುವುದಿಲ್ಲ. ಹತ್ತು ವರ್ಷದೊಳಗಿನ ಮಗುವಿಗೆ ಕೈ ಉರಿಯದಿದ್ದರೆ ಸಾಕು ಎನ್ನುವಾಗ ಅವು ನಡೆಯುತ್ತವೆ, ಅದಕ್ಕಿಂತ ದೊಡ್ಡವರಿಗೆ ಬೇಡ.

ಲ್ಯಾಟೆಕ್ಸಿನ ದಪ್ಪ ಸಾಮಾನ್ಯವಾಗಿ 3ರಿಂದ 4 ಮಿಲಿಮೀಟರ್, ಅದರ ಹಿಂದೆ ಇನ್ನೊಂದು ಪದರ ಫೋಮ್. ದಪ್ಪ ಹೆಚ್ಚಿದರೆ ಪೆಟ್ಟು ಕಡಿಮೆ ತಾಗುತ್ತದೆ, ಸವೆಯಲು ಸರಕೂ ಹೆಚ್ಚು ಇರುತ್ತದೆ, ಆದರೆ ಚೆಂಡು ಕೈಗೆ ತಾಗಿದ ಅನುಭವ ಮಂದವಾಗುತ್ತದೆ.

ಅಳತೆ

ಟೈಲರ್ ಟೇಪನ್ನು ಹೆಬ್ಬೆರಳು ಬಿಟ್ಟು, ಬೆರಳುಗಳ ಬುಡದ ಗೆಣ್ಣುಗಳ ಕೆಳಗೆ, ಅಂಗೈಯ ಅತಿ ಅಗಲದ ಭಾಗಕ್ಕೆ ಸುತ್ತಿ. ಬಂದ ಇಂಚನ್ನು ಮುಂದಿನ ಪೂರ್ಣ ಸಂಖ್ಯೆಗೆ ಏರಿಸಿ, 1 ಕೂಡಿಸಿ. ಸುತ್ತಳತೆ 20 ಸೆಂಟಿಮೀಟರ್ ಬಂದರೆ ಅದು ಸುಮಾರು 7.9 ಇಂಚು, ಏರಿಸಿದರೆ 8, ಕೂಡಿಸಿದರೆ 9. ನಿಮ್ಮ ಸೈಜ್ 9. ಎರಡೂ ಕೈ ಅಳೆಯಿರಿ, ದೊಡ್ಡದನ್ನು ಹಿಡಿಯಿರಿ. ಇದು ಅಂದಾಜು ಲೆಕ್ಕ, ಒಂದೊಂದು ಕಂಪನಿಯ ಅಚ್ಚು ಒಂದೊಂದು ಥರ ಇರುವುದರಿಂದ ಅವರ ಸೈಜ್ ಪಟ್ಟಿಯನ್ನೂ ನೋಡಲೇಬೇಕು.

ತೊಟ್ಟ ಮೇಲೆ ನಡುಬೆರಳಿನ ತುದಿಗೂ ಗ್ಲೌಸಿನ ತುದಿಗೂ ನಡುವೆ ಅರ್ಧದಿಂದ 1 ಸೆಂಟಿಮೀಟರ್ ಖಾಲಿ ಇರಲಿ. ಬೆರಳು ತುದಿಗೆ ತಾಗುತ್ತಿದ್ದರೆ ಪ್ರತಿ ಸಲ ಕೈ ಮಡಚಿದಾಗಲೂ ಹೊಲಿಗೆ ಎಳೆದು ಬಿಚ್ಚಿಕೊಳ್ಳುತ್ತದೆ. ತೀರ ಸಡಿಲವಾಗಿದ್ದರೆ ಒಳಗೆ ಕೈ ತಿರುಗಿ, ಜೋರಾಗಿ ಬಂದ ಚೆಂಡಿಗೆ ಗ್ಲೌಸ್ ಒಂದು ಕಡೆ, ಕೈ ಒಂದು ಕಡೆ ಆಗುತ್ತದೆ. ಮಕ್ಕಳಿಗೆ ‘ಮುಂದಿನ ವರ್ಷಕ್ಕೂ ಆಗಲಿ’ ಎಂದು ಎರಡು ಸೈಜ್ ದೊಡ್ಡದು ಕೊಡಿಸುವ ಅಭ್ಯಾಸ ದಯವಿಟ್ಟು ಬಿಡಿ. ಮಗು ಹಿಡಿಯುವುದನ್ನು ಕಲಿಯುವ ವಯಸ್ಸಿನಲ್ಲಿ ಗ್ಲೌಸ್ ಅಲ್ಲಾಡುತ್ತಿದ್ದರೆ, ಅದು ಹಿಡಿಯುವುದನ್ನು ಬಿಟ್ಟು ಚೆಂಡನ್ನು ತಳ್ಳುವುದನ್ನೇ ರೂಢಿಸಿಕೊಳ್ಳುತ್ತದೆ.

ಕಟ್ ಮತ್ತು ಬೆರಳ ಕಡ್ಡಿ

ಕಟ್ ಎಂದರೆ ಗ್ಲೌಸನ್ನು ಕತ್ತರಿಸಿ ಹೊಲಿದ ರೀತಿ. ಫ್ಲ್ಯಾಟ್ ಕಟ್‌ನಲ್ಲಿ ಅಂಗೈಗೆ ಒಂದೇ ಚಪ್ಪಟೆ ಲ್ಯಾಟೆಕ್ಸ್ ಹಾಳೆ, ಬೆರಳುಗಳ ಪಕ್ಕಕ್ಕೆ ಬಟ್ಟೆಯ ಪಟ್ಟಿ, ಹೊಲಿಗೆ ಹೊರಗೆ. ಸಡಿಲ, ಗಾಳಿಯಾಡುತ್ತದೆ, ಅಗಲ ಕೈಗೆ ಒಳ್ಳೆಯದು. ರೋಲ್ ಫಿಂಗರ್‌ನಲ್ಲಿ ಲ್ಯಾಟೆಕ್ಸ್ ಬೆರಳನ್ನು ಸುತ್ತಿ ಹಿಂಬದಿಗೆ ಸೇರುತ್ತದೆ. ಬೆರಳಿನ ಪಕ್ಕದಿಂದ ತಾಗಿದ ಚೆಂಡಿಗೂ ಹಿಡಿತ ಸಿಗುತ್ತದೆ. ನೆಗೆಟಿವ್ ಕಟ್‌ನಲ್ಲಿ ಹೊಲಿಗೆ ಒಳಗಿರುವುದರಿಂದ ಬಿಗಿಯಾಗಿ ಕೂರುತ್ತದೆ, ಸಣ್ಣ ಕೈಯವರಿಗೆ ಇಷ್ಟವಾಗುತ್ತದೆ. ಹೈಬ್ರಿಡ್ ಎಂದರೆ ಇವುಗಳ ಬೆರಕೆ. ಇದರಲ್ಲಿ ಮೇಲು ಕೀಳು ಇಲ್ಲ, ತೊಟ್ಟು ಚೆಂಡು ಹಿಡಿದು ನೋಡಿಯೇ ಆರಿಸಬೇಕು.

ಬೆರಳ ಹಿಂಬದಿಯಲ್ಲಿ ಪ್ಲಾಸ್ಟಿಕ್ ಕಡ್ಡಿ ಇರುವ ಗ್ಲೌಸ್‌ಗಳ ಬಗ್ಗೆ ಎರಡು ಮಾತು. ಕಡ್ಡಿ ಬೆರಳನ್ನು ಮುಂದಕ್ಕೆ ಮಡಚಲು ಬಿಟ್ಟು ಹಿಂದಕ್ಕೆ ಬಾಗದಂತೆ ತಡೆಯುತ್ತದೆ. ಬೆರಳು ಉಳುಕಿ ವಾಸಿಯಾಗುತ್ತಿರುವವರಿಗೆ ಅದು ಧೈರ್ಯ. ಆದರೆ ಚೆಂಡು ನೇರವಾಗಿ ಬೆರಳ ತುದಿಗೆ ಬಡಿದರೆ ಕಡ್ಡಿ ಹೆಚ್ಚೇನೂ ಕಾಪಾಡದು. ಅಗ್ಗದ ಗ್ಲೌಸ್‌ನಲ್ಲಿ ಕಡ್ಡಿ ಗಡುಸಾಗಿದ್ದು ಮುಷ್ಟಿ ಕಟ್ಟಲೂ ಕಷ್ಟವಾಗುತ್ತದೆ. ಮುಷ್ಟಿ ಕಟ್ಟಿ ನೋಡಿ, ಬಿಗಿಯೆನಿಸಿದರೆ ಕಡ್ಡಿ ಇಲ್ಲದ್ದನ್ನೇ ಕೊಳ್ಳಿ. ತೆಗೆಯಲು ಬರುವ ಕಡ್ಡಿಯಾದರೆ ಇನ್ನೂ ಒಳ್ಳೆಯದು.

ರಬ್ಬರ್ ಹಾಲಿಗೆ ಅಲರ್ಜಿ ಇರುವವರೂ ಇದ್ದಾರೆ. ಗ್ಲೌಸ್ ತೊಟ್ಟ ಮೇಲೆ ಕೈ ತುರಿಸಿ ದದ್ದು ಎದ್ದರೆ ಬೆವರಿನದೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಿ.

ಹೊಸ ಗ್ಲೌಸನ್ನು ನೇರ ಪಂದ್ಯಕ್ಕೆ ಇಳಿಸಬೇಡಿ

ಹೊಸ ಲ್ಯಾಟೆಕ್ಸಿನ ಮೇಲೆ ತಯಾರಿಕೆಯಲ್ಲಿ ಬಳಸಿದ ರಾಸಾಯನಿಕದ ಪದರ ಉಳಿದಿರುತ್ತದೆ. ತೆಗೆದ ದಿನವೇ ಆಡಿ ‘ಇದರಲ್ಲಿ ಗ್ರಿಪ್ಪೇ ಇಲ್ಲ’ ಎನ್ನುವವರು ಆ ಪದರವನ್ನು ತೊಳೆದಿರುವುದಿಲ್ಲ. ಸುಮಾರು 30 ಡಿಗ್ರಿಯ, ಅಂದರೆ ಕೈಗೆ ಬೆಚ್ಚಗೂ ತಣ್ಣಗೂ ಅನಿಸದ ನೀರನ್ನು ಬಕೆಟ್‌ನಲ್ಲಿ ಹಿಡಿಯಿರಿ. ಗ್ಲೌಸ್ ತೊಟ್ಟುಕೊಂಡೇ ಮುಳುಗಿಸಿ, ಒಂದು ಅಂಗೈಯಿಂದ ಇನ್ನೊಂದನ್ನು ಮೆಲ್ಲಗೆ ಒತ್ತುತ್ತ 2-3 ನಿಮಿಷ ತೊಳೆಯಿರಿ. ನೊರೆ ಬರುತ್ತಿದ್ದರೆ ನೀರು ಬದಲಿಸಿ ಮತ್ತೆ ತೊಳೆಯಿರಿ. ನೆರಳಲ್ಲಿ ಒಣಗಿಸಿ, ಒಂದು ಹಗುರ ಅಭ್ಯಾಸದಲ್ಲಿ ಬಳಸಿ, ಆಮೇಲೆ ಪಂದ್ಯ.

ತೇವವೇ ಹಿಡಿತ

ಲ್ಯಾಟೆಕ್ಸ್ ಒಣಗಿದಾಗ ಜಾರುತ್ತದೆ, ನಸುತೇವ ಇದ್ದಾಗ ಕಚ್ಚುತ್ತದೆ. 1966ರ ವಿಶ್ವಕಪ್ ಗೆದ್ದ ಇಂಗ್ಲೆಂಡಿನ ಗೋಲ್‌ಕೀಪರ್ ಗಾರ್ಡನ್ ಬ್ಯಾಂಕ್ಸ್ ಬರಿಗೈಗೆ ಚೂಯಿಂಗ್ ಗಮ್ಮಿನ ಅಂಟು ಸವರಿಕೊಂಡು ಆಡುತ್ತಿದ್ದರು. ಇಂದು ಆ ಕೆಲಸ ಮಾಡುವುದು ತೇವದ ಲ್ಯಾಟೆಕ್ಸ್. ವಾರ್ಮ್‌ಅಪ್‌ಗೆ ಮುಂಚೆ ಬಾಟಲಿಯಿಂದ ಎರಡೂ ಅಂಗೈಗೆ ನೀರು ಹಾಕಿ, ಒಂದಕ್ಕೊಂದು ಒತ್ತಿ ಎಲ್ಲ ಕಡೆ ಹರಡಿ, ಹೆಚ್ಚಾದದ್ದನ್ನು ಟವೆಲಿಗೆ ಒತ್ತಿ ತೆಗೆಯಿರಿ. ಮುಟ್ಟಿದರೆ ತಣ್ಣಗನಿಸಬೇಕು, ಆದರೆ ನೀರು ತೊಟ್ಟಿಕ್ಕಬಾರದು. ಬೇಸಿಗೆಯ ಮಧ್ಯಾಹ್ನದಲ್ಲಿ ಇದು 15-20 ನಿಮಿಷದಲ್ಲೇ ಆರಿಹೋಗುತ್ತದೆ, ಆದ್ದರಿಂದ ಗೋಲಿನ ಬಲೆಯ ಪಕ್ಕ ಒಂದು ಬಾಟಲಿಯೂ ಒದ್ದೆ ಟವೆಲೂ ಇರಲಿ. ಉಗುಳಿಗಿಂತ ನೀರು ಎಷ್ಟೋ ಮೇಲು.

ಮಳೆಗಾಲದಲ್ಲಿ ಸಮಸ್ಯೆ ತಿರುಗುಮುರುಗು. ಅಂಗೈ ಮೇಲೆ ನೀರಿನ ಪದರ ನಿಂತರೆ ಲ್ಯಾಟೆಕ್ಸಿಗೂ ಚೆಂಡಿಗೂ ಸಂಪರ್ಕವೇ ಇರುವುದಿಲ್ಲ. ಆಟ ನಿಂತಾಗಲೆಲ್ಲ ಒಣ ಟವೆಲಿಗೆ ಒತ್ತಿ. ಟವೆಲ್ ನೆನೆಯದಂತೆ ಪ್ಲಾಸ್ಟಿಕ್ ಚೀಲದಲ್ಲಿಡಿ. ಮಣ್ಣಿನ ಮೈದಾನದಲ್ಲಿ ಧೂಳು ಲ್ಯಾಟೆಕ್ಸಿನ ರಂಧ್ರಗಳಿಗೆ ತುಂಬಿಕೊಂಡು ಕೆಂಪು ಕೆನೆಯಂತೆ ಕೂರುತ್ತದೆ. ಹಾಫ್‌ಟೈಮ್‌ನಲ್ಲಿ ಅದನ್ನು ನೀರಿನಿಂದ ತೊಳೆಯದೆ ಮೇಲೆ ಮತ್ತೆ ನೀರು ಚಿಮುಕಿಸಿದರೆ ಕೆಸರು ಆಗುತ್ತದೆ, ಅಷ್ಟೆ.

ಆಡುವಾಗ ಸವೆತ ತಗ್ಗಿಸುವ ಅಭ್ಯಾಸವೊಂದಿದೆ: ಬಿದ್ದಲ್ಲಿಂದ ಏಳುವಾಗ ಅಂಗೈ ಊರಬೇಡಿ, ಮುಷ್ಟಿ ಊರಿ ಏಳಿ. ಅಂಗೈಯ ಬುಡ ಹರಿದುಹೋಗಿರುವ ಗ್ಲೌಸ್ ನೋಡಿದರೆ ಅದರಲ್ಲಿ ಬಹುಪಾಲು ಹೀಗೆ ಊರಿ ಏಳುವಾಗ ಆದದ್ದು. ಉಗುರನ್ನೂ ಕತ್ತರಿಸಿಕೊಳ್ಳಿ, ಒಳಗಿನಿಂದ ಬೆರಳ ತುದಿ ತೂತಾಗುವುದು ಉಗುರಿನಿಂದಲೇ. ತೆಗೆಯುವಾಗ ಪಟ್ಟಿಯನ್ನು ಪೂರ್ತಿ ಬಿಚ್ಚಿ, ಒಂದೊಂದೇ ಬೆರಳನ್ನು ಸ್ವಲ್ಪ ಸ್ವಲ್ಪ ಸಡಿಲಿಸಿ ತೆಗೆಯಿರಿ. ತುದಿ ಹಿಡಿದು ಒಂದೇ ಏಟಿಗೆ ಎಳೆದರೆ ಮಣಿಕಟ್ಟಿನ ಹೊಲಿಗೆ ಕೀಳುತ್ತದೆ. ತೆಗೆದ ತಕ್ಷಣ ವೆಲ್ಕ್ರೋ ಮುಚ್ಚಿಬಿಡಿ. ಅದರ ಮುಳ್ಳಿನ ಬದಿ ಚೀಲದೊಳಗೆ ಲ್ಯಾಟೆಕ್ಸಿಗೆ ಸಿಕ್ಕಿಕೊಂಡರೆ ಪದರವನ್ನೇ ಕಿತ್ತು ತರುತ್ತದೆ.

ತೊಳೆಯುವುದು, ಒಣಗಿಸುವುದು

ಆಡಿದ ದಿನವೇ ತೊಳೆಯಿರಿ. ಬೆವರು ಒಳಗೆ ನಿಂತರೆ ಬ್ಯಾಕ್ಟೀರಿಯ ಬೆಳೆದು ನಾತ ಹಿಡಿಯುತ್ತದೆ, ಧೂಳು ಒಣಗಿ ಗಟ್ಟಿಯಾದ ಮೇಲೆ ಉಜ್ಜಬೇಕಾಗುತ್ತದೆ. ಉಜ್ಜುವುದೇ ಸವೆತ.

ಕಡ್ಡಿ ತೆಗೆಯಲು ಬರುವುದಾದರೆ ತೆಗೆದಿಡಿ. ಉಗುರುಬೆಚ್ಚಗಿನ ನೀರು, ಗ್ಲೌಸ್‌ವಾಶ್ ಕೆಲವು ಹನಿ. ಅದಿಲ್ಲದಿದ್ದರೆ ಬೇಬಿ ಶಾಂಪೂ ಅರ್ಧ ಚಮಚ. ಗ್ಲೌಸ್ ತೊಟ್ಟು ಕೈ ತೊಳೆದಂತೆ ತೊಳೆಯಿರಿ, ಬೆರಳ ಸಂದಿಗೆ ಹೆಚ್ಚು ಗಮನ ಕೊಡಿ. ಆಮೇಲೆ ಕಳಚಿ, ಒಳಗೂ ನೀರು ತುಂಬಿಸಿ ಚೆಲ್ಲಿ, ಶಾಂಪೂ ಉಳಿಯದಂತೆ 3-4 ಸಲ ಜಾಲಿಸಿ. ಬಟ್ಟೆ ಪೌಡರು, ಬ್ಲೀಚ್, ಬಟ್ಟೆ ಮೆತ್ತಗಾಗಿಸುವ ದ್ರಾವಣ, ಬ್ರಷ್, ಬಿಸಿನೀರು, ವಾಷಿಂಗ್ ಮೆಷಿನ್ ಇವು ಯಾವುವೂ ಬೇಡ.

ಹಿಂಡಲೇಬಾರದು. ಒದ್ದೆ ಲ್ಯಾಟೆಕ್ಸ್ ಒಣ ಲ್ಯಾಟೆಕ್ಸಿಗಿಂತ ಸುಲಭವಾಗಿ ಹರಿಯುತ್ತದೆ, ತಿರುಚಿದರೆ ಬಟ್ಟೆಗೆ ಅಂಟಿಸಿದ್ದೂ ಬಿಡುತ್ತದೆ. ಬೆರಳ ತುದಿಯಿಂದ ಮಣಿಕಟ್ಟಿನ ಕಡೆಗೆ ಒತ್ತುತ್ತ ನೀರು ಇಳಿಸಿ, ಒಣ ಟವೆಲ್ ನಡುವೆ ಇಟ್ಟು ಅಂಗೈಯಿಂದ ಅದುಮಿ. ಒಳಗೆ ನ್ಯೂಸ್‌ಪೇಪರ್ ಉಂಡೆ ತುರುಕಿ ಒಂದು ಗಂಟೆ ಬಿಟ್ಟು ತೆಗೆದುಬಿಡಿ, ಅಲ್ಲೇ ಮರೆತರೆ ಅದೇ ತೇವ ಹಿಡಿದುಕೊಳ್ಳುತ್ತದೆ. ಬಾಯಿ ಕೆಳಗೆ ಮಾಡಿ, ಕ್ಲಿಪ್ಪನ್ನು ಹಿಂಬದಿಯ ಬಟ್ಟೆಗೆ ಮಾತ್ರ ಹಾಕಿ, ನೆರಳಲ್ಲಿ ಗಾಳಿಯಾಡುವಲ್ಲಿ ತೂಗುಹಾಕಿ. ಒಂದು ದಿನ ಸಾಕು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಎರಡು ದಿನವಾದರೂ ಒಳಗೆ ತೇವ ಇರುತ್ತದೆ. ಫ್ಯಾನಿನ ಕೆಳಗೆ ಇಟ್ಟು ಒಳಗಿನ ಬಟ್ಟೆ ಮುಟ್ಟಿ ನೋಡಿದ ಮೇಲೆಯೇ ಚೀಲಕ್ಕೆ ಹಾಕಿ, ಇಲ್ಲದಿದ್ದರೆ ಬೂಷ್ಟು ಖಂಡಿತ.

ಬಿಸಿಲಿಗೆ ಒಣಹಾಕಿದರೆ ಮಧ್ಯಾಹ್ನದೊಳಗೆ ಒಣಗುತ್ತದೆ ನಿಜ, ಆದರೆ ಬಿಸಿಲೂ ಶಾಖವೂ ರಬ್ಬರನ್ನು ಹಳದಿ ತಿರುಗಿಸಿ ಗಡಸು ಮಾಡುತ್ತವೆ. ಆಮೇಲೆ ಅದು ಬಿರುಕು ಬಿಟ್ಟು ಪುಡಿಯಾಗಿ ಉದುರುತ್ತದೆ. ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿಯಲ್ಲಿ ಬಿಟ್ಟರೂ, ಹೇರ್ ಡ್ರೈಯರ್ ಹಿಡಿದರೂ ಇದೇ ಗತಿ.

ಇಡುವಾಗ ಎರಡು ಅಂಗೈ ಎದುರುಬದುರು ತಾಗಬಾರದು. ಒಂದಕ್ಕೊಂದು ಅಂಟಿಕೊಂಡರೆ ಬಿಡಿಸುವಾಗ ಚಕ್ಕೆ ಏಳುತ್ತದೆ. ಹಿಂಬದಿಗೆ ಹಿಂಬದಿ ತಾಗಿಸಿ, ಗಾಳಿಯಾಡುವ ಚೀಲದಲ್ಲಿಡಿ. ಪರೀಕ್ಷೆ, ರಜೆ ಎಂದು ತಿಂಗಳುಗಟ್ಟಲೆ ಆಡದಿದ್ದರೆ ಒಣ ಹವೆಯ ಊರುಗಳಲ್ಲಿ ಎರಡು ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಅಂಗೈ ಒರೆಸಿಡಿ. ಸ್ವಲ್ಪ ಒರಟಾದ ಲ್ಯಾಟೆಕ್ಸ್ ಬೆಚ್ಚಗಿನ ನೀರಲ್ಲಿ ನೆನೆದರೆ ಚೇತರಿಸಿಕೊಳ್ಳುತ್ತದೆ, ಬಿರುಕು ಬಿಟ್ಟದ್ದು ಚೇತರಿಸಿಕೊಳ್ಳುವುದಿಲ್ಲ.

ಎರಡು ಜೋಡಿ

ಸಾಧ್ಯವಿದ್ದರೆ ಒಂದು ದುಬಾರಿ ಜೋಡಿಯ ಬದಲು ನಡುವಿನ ದರ್ಜೆಯ ಎರಡು ಜೋಡಿ ಇಟ್ಟುಕೊಳ್ಳಿ. ಒಂದು ಪಂದ್ಯಕ್ಕೆ ಮಾತ್ರ. ಅದರ ಹಿಡಿತ ಇಳಿದಾಗ ಅದನ್ನು ಅಭ್ಯಾಸಕ್ಕೆ ಇಳಿಸಿ, ಪಂದ್ಯಕ್ಕೆ ಹೊಸದು ಕೊಳ್ಳಿ. ಒಂದು ಒಣಗುತ್ತಿರುವಾಗ ಇನ್ನೊಂದು ಕೈಯಲ್ಲಿರುವುದರಿಂದ ಅರೆಒಣ ಗ್ಲೌಸ್ ತೊಡುವ ಪಾಡೂ ತಪ್ಪುತ್ತದೆ.

ಬಿಚ್ಚಿದ ಹೊಲಿಗೆಯನ್ನು ಸಣ್ಣ ಸೂಜಿ, ನೈಲಾನ್ ದಾರದಿಂದ ಆಗಿಂದಾಗಲೇ ಹಾಕಿಕೊಳ್ಳಿ. ಲ್ಯಾಟೆಕ್ಸ್ ಅಂಚು ಎದ್ದಿದ್ದರೆ ಒಣಗಿದ ಮೇಲೂ ಬಾಗುವ ರಬ್ಬರ್ ಅಂಟನ್ನು ತೆಳ್ಳಗೆ ಹಚ್ಚಿ ಒತ್ತಿಡಿ. ಕ್ಷಣದಲ್ಲಿ ಅಂಟುವ ಸೂಪರ್ ಗ್ಲೂ ಹಾಕಿದರೆ ಅದು ಗಾಜಿನಂತೆ ಗಟ್ಟಿಯಾಗಿ, ಕೈ ಮಡಚಿದಾಗ ಪಕ್ಕದ ಲ್ಯಾಟೆಕ್ಸನ್ನೂ ಹರಿಯುತ್ತದೆ. ಅಂಗೈಯಲ್ಲಿ ಹಿಂದಿನ ಫೋಮ್ ಪದರ ಕಾಣತೊಡಗಿದರೆ ಆ ಜೋಡಿಯ ಪಂದ್ಯದ ದಿನ ಮುಗಿದಂತೆ. ಬೆರಳ ತುದಿಯೋ ಅಂಗೈಯ ನಡುಭಾಗವೋ ಹರಿದಿದ್ದರೆ ಅಭ್ಯಾಸಕ್ಕೂ ಬೇಡ. ಬುಡದಲ್ಲಿ ಮಾತ್ರ ಹರಿದು ಬೆರಳುಗಳು ಚೆನ್ನಾಗಿದ್ದರೆ ಇನ್ನೂ ಕೆಲವು ವಾರ ಅಭ್ಯಾಸಕ್ಕೆ ಧಾರಾಳವಾಗಿ ಬರುತ್ತದೆ.