ಡ್ರೆಸ್ಡನ್ ಕ್ರಿಸ್‌ಮಸ್ ಸಂತೆ: ತಿನ್ನೋಕೂ ಕೊಳ್ಳೋಕೂ ಮುಂಚೆ

ಜರ್ಮನಿಯ ಡ್ರೆಸ್ಡನ್ ನಗರದ ಆಲ್ಟ್‌ಮಾರ್ಕ್ಟ್ ಚೌಕದಲ್ಲಿ ನಡೆಯುವ ಕ್ರಿಸ್‌ಮಸ್ ಸಂತೆಯ ಹೆಸರು ಶ್ಟ್ರೀಟ್ಸೆಲ್‌ಮಾರ್ಕ್ಟ್. ಅದು 1434ರಲ್ಲಿ ಶುರುವಾದದ್ದು ಒಂದು ದಿನದ ಮಾಂಸದ ಸಂತೆಯಾಗಿ. ಆ ಘಮ ಇನ್ನೂ ಪೂರ್ತಿ ಹೋಗಿಲ್ಲ. ಹಾಗಾಗಿ ಸಸ್ಯಾಹಾರಿಗಳು ಮಳಿಗೆಯಲ್ಲಿ 'ಫೆಗೆಟಾರಿಶ್?' (ಸಸ್ಯಾಹಾರವೇ?) ಅಂತ ಕೇಳಿ ಸುಮ್ಮನಾಗಬೇಡಿ. 'ಓನೆ ಶ್ಪೆಕ್?' (ಹಂದಿಕೊಬ್ಬಿನ ಚೂರು ಇಲ್ಲ ತಾನೆ?) ಅಂತಲೂ ಕೇಳಿ. ಅಣಬೆ ಹುರಿಯುವ ದೊಡ್ಡ ಬಾಣಲೆಯಲ್ಲಿ ಅದು ಸೇರಿರುವುದುಂಟು. ಹಾಂಡ್‌ಬ್ರೋಟ್ ಅಂದರೆ ಒಳಗೆ ಚೀಸ್ ತುಂಬಿ ಸುಟ್ಟ ಬ್ರೆಡ್ಡು. ಅದರಲ್ಲಿ ಅಣಬೆಯದು ಬೇರೆ, ಹ್ಯಾಮಿನದು ಬೇರೆ. ಆಲೂಗಡ್ಡೆಗೆ ಮೆತ್ತನೆ ಗಿಣ್ಣು ಸೇರಿಸಿ ಹುರಿದ ಕ್ವಾರ್ಕ್‌ಕೊಯ್ಲ್‌ಶೆನ್ ನೋಡಲು ಆಲೂ ಟಿಕ್ಕಿಯಂತಿದ್ದರೂ ಅದಕ್ಕೆ ಮೊಟ್ಟೆ ಹಾಕಿರುತ್ತಾರೆ. ಮೊಟ್ಟೆಯೂ ಬೇಡವೆಂದರೆ ಸುಟ್ಟ ಚೆಸ್ಟ್‌ನಟ್, ಸಕ್ಕರೆ ಪಾಕದ ಬಾದಾಮಿ.

ಗ್ಲೂವೈನ್ ಬಿಸಿ ಮದ್ಯ. ಮಕ್ಕಳಿಗೆ ಮದ್ಯವಿಲ್ಲದ ಕಿಂಡರ್‌ಪುನ್ಶ್ ಕೇಳಿ. ಎರಡಕ್ಕೂ ಕಪ್ಪಿನ ಠೇವಣಿ ಸೇರಿಸಿಯೇ ದುಡ್ಡು ತೆಗೆದುಕೊಳ್ಳುತ್ತಾರೆ. ಕಪ್ಪಿನ ಜೊತೆ ಬಿಲ್ಲೆ ಕೊಟ್ಟರೆ ಜೋಪಾನ, ಅದಿಲ್ಲದೆ ಠೇವಣಿ ವಾಪಸು ಸಿಗುವುದು ಕಷ್ಟ. ಎಲ್ಲ ಕಡೆ ಕಾರ್ಡ್ ನಡೆಯುವುದಿಲ್ಲ, ಚಿಲ್ಲರೆ ಇಟ್ಟುಕೊಳ್ಳಿ. ತಳ್ಳುಗಾಡಿಯಲ್ಲಿ ಮಗು ಇದ್ದರೆ ವಾರದ ದಿನ, ಮಧ್ಯಾಹ್ನ ಮೂರರೊಳಗೆ ಹೋಗಿಬನ್ನಿ.

ಶ್ಟೊಲ್ಲನ್ ಅಂದರೆ ಒಣಹಣ್ಣು ಹಾಕಿದ ಕ್ರಿಸ್‌ಮಸ್ ಬ್ರೆಡ್ಡು. ಅದಕ್ಕೆ ಚಿನ್ನದ ಬಣ್ಣದ ಅಂಡಾಕಾರದ ಮುದ್ರೆ ಇದ್ದರೆ ಅದು ಅಸಲಿ ಡ್ರೆಸ್ಡನ್ನಿನದು. ದ್ರಾಕ್ಷಿಯನ್ನು ರಮ್‌ನಲ್ಲಿ ನೆನೆಸಿರುತ್ತಾರೆ, ಮನೆಯಲ್ಲಿ ಹಿರಿಯರಿದ್ದರೆ ಮೊದಲೇ ಹೇಳಿಬಿಡಿ. ಇಡೀ ಕಿಲೋ ಕೊಳ್ಳುವ ಮುಂಚೆ ಒಂದು ತುಂಡು ತಿಂದು ನೋಡಿ. ತುದಿಯಿಂದಲ್ಲ, ನಡುವಿನಿಂದ ಕತ್ತರಿಸಿ, ಉಳಿದ ಎರಡು ಭಾಗಗಳನ್ನು ಒತ್ತಿ ಜೋಡಿಸಿಟ್ಟರೆ ಒಣಗುವುದಿಲ್ಲ.

ದುಡ್ಡು ಹಾಕುವುದಾದರೆ ಎರ್ಟ್ಸ್‌ಗೆಬಿರ್ಗೆ ಬೆಟ್ಟದ ಮರದ ಕೆಲಸಕ್ಕೆ ಹಾಕಿ. ಮೇಣದಬತ್ತಿಯ ಬಿಸಿಗಾಳಿಗೆ ತಿರುಗುವ ಪಿರಮಿಡ್ (ಮೇಲೆ ರೆಕ್ಕೆಗಳಿರುವ ಮರದ ಗೊಂಬೆ-ಗೋಪುರ) ಕೊಳ್ಳುವಾಗ ಮೇಣದಬತ್ತಿಯ ದಪ್ಪ ಎಷ್ಟಿರಬೇಕೆಂದು ಕೇಳಿ: ಸಣ್ಣವಕ್ಕೆ ಸಾಮಾನ್ಯವಾಗಿ 14 ಮಿಲಿಮೀಟರ್, ದೊಡ್ಡವಕ್ಕೆ 17. ತಪ್ಪು ಬತ್ತಿ ತಂದರೆ ಒಂದೋ ತೂತಿಗೆ ಇಳಿಯದು, ಇಲ್ಲ ವಾಲುತ್ತದೆ. ಮನೆಗೆ ತಂದಮೇಲೆ ತಿರುಗುತ್ತಿಲ್ಲವೇ? ರೆಕ್ಕೆಗಳು ಚಪ್ಪಟೆಯಾಗಿ ಮಲಗಿರುತ್ತವೆ. ಎಲ್ಲವನ್ನೂ ಒಂದೇ ದಿಕ್ಕಿಗೆ, ಸುಮಾರು 45 ಡಿಗ್ರಿ ಓರೆ ಮಾಡಿ. ಆಗಲೂ ಆಗದಿದ್ದರೆ ಕಂಬದ ಮೊನೆ ಕೂರುವ ಪುಟ್ಟ ಬಟ್ಟಲಿನ ಧೂಳನ್ನು ಹತ್ತಿಯಿಂದ ಒರೆಸಿ. ಎಣ್ಣೆ ಹಾಕಬೇಡಿ, ಹಾಕಿದರೆ ಧೂಳು ಇನ್ನಷ್ಟು ಕೂರುತ್ತದೆ. ಕಿಟಕಿಯ ಗಾಳಿಗೆ ಜ್ವಾಲೆ ಬಾಗಿದರೆ ರೆಕ್ಕೆ ಕಪ್ಪಾಗುತ್ತದೆ.

ಹೊಗೆ ಬಿಡುವ ಮರದ ಮುದುಕ, ಅಂದರೆ ರಾಯ್ಶರ್‌ಮನ್, ಅಗ್ಗ. ಒಳಗಿಡುವ ಧೂಪದ ಶಂಕು ನಮ್ಮ ಸಾಂಬ್ರಾಣಿ ಕಪ್ಪಿನ ದಾಯಾದಿ. ಗೊಂಬೆಯ ಮೇಲರ್ಧ ಎತ್ತಿ, ಶಂಕುವಿನ ತುದಿ ಹೊತ್ತಿಸಿ, ಕೆಂಪಗಾದ ಮೇಲೆ ಜ್ವಾಲೆ ಆರಿಸಿ, ತಗಡಿನ ಮೇಲಿಟ್ಟು ಮುಚ್ಚಿ. ಬಾಯಿಂದ ಹೊಗೆ ಬರುತ್ತದೆ. ಹೊಗೆಗೆ ಕೂಗುವ ಅಲಾರಂ ಕೆಳಗೆ ಮಾತ್ರ ಬೇಡ.