ಅರ್ಧಕ್ಕೆ ನಿಂತ ಬಯಾಸ್ ಅಪ್‌ಡೇಟ್: ಹಳೇ ಬೋರ್ಡನ್ನು ಎಬ್ಬಿಸುವ ಬಗೆ

ಸಾಗರದ ಜುಲೈ ಮಳೆಯಲ್ಲಿ ಕರೆಂಟನ್ನು ನಂಬಿ ಬಯಾಸ್ ಅಪ್‌ಡೇಟ್‌ಗೆ ಕೈ ಹಾಕಿದವನು ನಾನು. ಬೈಯುವುದಿದ್ದರೆ ಇಲ್ಲೇ ಬೈದು ಮುಗಿಸಿ. ಬಯಾಸ್ ಅಂದರೆ ಕಂಪ್ಯೂಟರ್ ಆನ್ ಆದ ಕೂಡಲೇ ಮೊದಲು ಓಡಿ, ಉಳಿದದ್ದನ್ನೆಲ್ಲ ಎಬ್ಬಿಸುವ ಪ್ರೋಗ್ರಾಂ. ಅಡಿಕೆ ಮಂಡಿಯೊಂದರ ಲೆಕ್ಕದ ಕಂಪ್ಯೂಟರ್ ಅದು. ಇಂಟೆಲ್ಲಿನ ಎಚ್61 ಚಿಪ್‌ಸೆಟ್ (ಪ್ರೊಸೆಸರಿಗೆ ಉಳಿದ ಭಾಗಗಳನ್ನು ಜೋಡಿಸುವ ಚಿಪ್) ಇರುವ ಮದರ್‌ಬೋರ್ಡು, ಸೆಕೆಂಡ್ ಜನರೇಷನ್ ಐ3 ಪ್ರೊಸೆಸರ್. ಸೆಕೆಂಡ್‌ಹ್ಯಾಂಡ್ ಐ5-3470 ಒಂದು ಸಿಕ್ಕಿದೆ, ಹಾಕಿಕೊಡ್ತೇನೆ ಅಂದಿದ್ದೆ. 2011ರ ಈ ಬೋರ್ಡುಗಳಿಗೆ 2012ರಲ್ಲಿ ಬಂದ ಥರ್ಡ್ ಜನರೇಷನ್ ಪ್ರೊಸೆಸರಿನ ಗುರುತು ಹತ್ತಬೇಕಾದರೆ ಬಯಾಸ್ ಹೊಸದಾಗಬೇಕು. ಅಪ್‌ಡೇಟ್ ಅರ್ಧ ದಾಟಿತ್ತು, ಕರೆಂಟ್ ಹೋಯ್ತು. ಯುಪಿಎಸ್ ಒಮ್ಮೆ ಕುಂಯ್ ಅಂದು ಸುಮ್ಮನಾಯಿತು. ಅದರ ಬ್ಯಾಟರಿ ಸತ್ತು ಎರಡು ಮಳೆಗಾಲ ಆಗಿತ್ತಂತೆ. ನಾನು ಮೊದಲೇ ಕೇಳಬೇಕಿತ್ತು.

ಕರೆಂಟ್ ಬಂದ ಮೇಲೆ ಫ್ಯಾನ್ ತಿರುಗಿತು, ಪರದೆ ಕಪ್ಪು. "ಏನಾಯ್ತು ಮಾರಾಯ? ನಾಳೆ ಟೆಂಡರ್ ಇದೆ" ಅಂತ ಯಜಮಾನರು ಎದ್ದು ನಿಂತರು. ಇಂಥ ಹೊತ್ತಲ್ಲಿ ಮೊದಲು ಹೇಳಬೇಕಾದ ಮಾತು: "ಲೆಕ್ಕ ಎಲ್ಲ ಹಾರ್ಡ್‌ಡಿಸ್ಕಲ್ಲಿದೆ, ಅದಕ್ಕೇನೂ ಆಗಿಲ್ಲ ಯಜಮಾನ್ರೆ." ಅದು ಸಮಾಧಾನಕ್ಕೆ ಹೇಳುವ ಸುಳ್ಳಲ್ಲ. ಬಯಾಸ್ ಇರುವುದು ಬೋರ್ಡಿನ ಮೇಲಿನ ಎಂಟು ಕಾಲಿನ ಪುಟ್ಟ ಚಿಪ್‌ನಲ್ಲಿ. ಅವಸರ ಇದ್ದರೆ ಡಿಸ್ಕ್ ಬಿಚ್ಚಿ ಬೇರೆ ಮಿಷನ್ನಿಗೆ ಹಾಕಿ ಆ ದಿನದ ಕೆಲಸ ತೆಗೆಯಬಹುದು. ನಾನೂ ಅದನ್ನೇ ಮಾಡಿದೆ.

ಈಗ ಬೋರ್ಡಿನ ವಿಷಯ. ನಿಜವಾಗಿಯೂ ಸತ್ತಿದೆಯೋ ಮೂರ್ಛೆ ಹೋಗಿದೆಯೋ ನೋಡಿ. ಪವರ್ ಕೇಬಲ್ ಕಿತ್ತು, ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ತೆಗೆದು ಹತ್ತು ನಿಮಿಷ ಬಿಡಿ. ಸೆಲ್ ವಾಪಸ್ ಹಾಕಿ, ಎಲ್ಲ ರ‍್ಯಾಮ್ ತೆಗೆದು, ಬೋರ್ಡಿಗೆ ಪುಟ್ಟ ಸ್ಪೀಕರ್ ಸಿಕ್ಕಿಸಿ ಆನ್ ಮಾಡಿ. ರ‍್ಯಾಮ್ ಇಲ್ಲ ಅಂತ ಬೀಪ್ ಹೊಡೆದರೆ ಖುಷಿಪಡಿ, ಬಯಾಸಿನ ಆರಂಭದ ಭಾಗಕ್ಕೆ ಇನ್ನೂ ಜೀವ ಇದೆ. ಆಗ ಪೆನ್‌ಡ್ರೈವಿನಲ್ಲೇ ಕೆಲಸ ಮುಗಿಯುವ ಸಾಧ್ಯತೆ ಉಂಟು. ಚಿಕ್ಕ ಪೆನ್‌ಡ್ರೈವ್ ಒಂದನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಬಯಾಸ್ ಫೈಲನ್ನು ಬೋರ್ಡಿನ ಮ್ಯಾನುಯಲ್ ಹೇಳಿದ ಹೆಸರಿನಲ್ಲೇ ಹಾಕಿ. ಹೆಸರಲ್ಲಿ ಒಂದಕ್ಷರ ತಪ್ಪಿದರೂ ಅದು ತಿರುಗಿ ನೋಡುವುದಿಲ್ಲ. ಎಎಂಐ ಕಂಪನಿಯ ಹಳೇ ಬಯಾಸಿಗೆ ಕಂಟ್ರೋಲ್ ಮತ್ತು ಹೋಮ್, ಎಚ್‌ಪಿ ಲ್ಯಾಪ್‌ಟಾಪಿಗೆ ವಿಂಡೋಸ್ ಕೀ ಮತ್ತು ಬಿ ಒತ್ತಿ ಹಿಡಿದು ಆನ್ ಮಾಡುವ ಕ್ರಮ. ಗಿಗಾಬೈಟಿನ ಡ್ಯುಯಲ್ ಬಯಾಸ್ ಬೋರ್ಡಾದರೆ ಎರಡನೇ ಚಿಪ್ ತಾನೇ ಮುಂದೆ ಬರಬೇಕು. ಅವಾರ್ಡ್ ಕಂಪನಿಯ ಇನ್ನೂ ಹಳೇ ಬಯಾಸುಗಳು ಫ್ಲಾಪಿ ಕೇಳುತ್ತವೆ. ಫ್ಲಾಪಿ ಎಲ್ಲಿಂದ ತರುತ್ತೀರೋ ನಿಮಗೇ ಬಿಟ್ಟದ್ದು.

ಮಂಡಿಯ ಬೋರ್ಡು ಬೀಪ್ ಅನ್ನಲೇ ಇಲ್ಲ. ಹಾಗಾದರೆ ಉಳಿದದ್ದು ಪ್ರೋಗ್ರಾಮರ್, ಅಂದರೆ ಚಿಪ್ಪನ್ನು ನೇರವಾಗಿ ಓದಿ ಬರೆಯುವ ಸಾಧನ. ಸಿಎಚ್341ಎ ಅನ್ನುವ ಯುಎಸ್‌ಬಿ ಹಲಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಆನ್‌ಲೈನಿನಲ್ಲೋ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕಪ್ಪು ಹಲಗೆಯದರಲ್ಲಿ ಒಂದು ಹುಳುಕಿದೆ: ಚಿಪ್ಪಿಗೆ ಕೊಡುವ ವೋಲ್ಟೇಜ್ 3.3 ಇದ್ದರೂ ಡೇಟಾ ಕಾಲುಗಳಲ್ಲಿ 5 ವೋಲ್ಟ್ ಬರುತ್ತದೆ. ಮಲ್ಟಿಮೀಟರ್ ಇಟ್ಟು ನೋಡಿಕೊಳ್ಳಿ, 5 ತೋರಿಸಿದರೆ ಸರಿಪಡಿಸದೆ ಬಳಸಬೇಡಿ. ಮುಖ್ಯವಾಗಿ, ಚಿಪ್ ಬೋರ್ಡಿನಲ್ಲೇ ಇರುವಾಗ ಮೇಲಿಂದ ಕ್ಲಿಪ್ ಕಚ್ಚಿಸುವುದಾದರೆ ಆ 5 ವೋಲ್ಟ್ ಚಿಪ್‌ಸೆಟ್ಟಿನವರೆಗೂ ಹೋಗುತ್ತದೆ. ಈಚಿನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳು 1.8 ವೋಲ್ಟಿನವು. ವಿನ್‌ಬಾಂಡ್ ಕಂಪನಿಯ ಚಿಪ್ಪಿನಲ್ಲಿ 25ಕ್ಯೂ64 ಆದ ಮೇಲೆ ಎಫ್‌ಡಬ್ಲ್ಯೂ ಅಂತಿದ್ದರೆ ಆ ಜಾತಿ, ಅದಕ್ಕೆ ಬೇರೆ ಅಡಾಪ್ಟರ್ ಬೇಕು.

ನಮ್ಮ ಪುಣ್ಯಕ್ಕೆ ಮಂಡಿಯ ಬೋರ್ಡಿನ ಚಿಪ್ ಬೆಸುಗೆ ಹಾಕಿದ್ದಲ್ಲ, ಸಾಕೆಟ್ಟಿನಲ್ಲಿ ಕೂತದ್ದು. ವಿನ್‌ಬಾಂಡ್ 25ಕ್ಯೂ32. ಕೀಳುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದೆ, ಒಂದನೇ ಕಾಲಿನ ಚುಕ್ಕೆ ಯಾವ ಕಡೆ ಇದೆ ಅಂತ ಕಾಣುವ ಹಾಗೆ. ಚಪ್ಪಟೆ ಸ್ಕ್ರೂಡ್ರೈವರನ್ನು ಒಂದು ತುದಿಗೆ ತೂರಿಸಿ ಕೂದಲೆಳೆಯಷ್ಟು ಎತ್ತಿ, ಆಮೇಲೆ ಇನ್ನೊಂದು ತುದಿ, ಮತ್ತೆ ಮೊದಲನೆಯದು. ಒಂದೇ ಕಡೆಯಿಂದ ಎಬ್ಬಿಸಿದರೆ ಇನ್ನೊಂದು ಕಡೆಯ ಕಾಲು ಮಡಚಿಕೊಳ್ಳುತ್ತದೆ, ನೆಟ್ಟಗೆ ಮಾಡಲು ಹೋದರೆ ಮುರಿಯುತ್ತದೆ. ಪ್ರೋಗ್ರಾಮರಿನ ಹಲಗೆ ಮೇಲೆ 25ರ ಸಾಲಿನ ಚಿಪ್ ಹೇಗೆ ಕೂರಬೇಕು ಅಂತ ಚಿತ್ರ ಅಚ್ಚಾಗಿರುತ್ತದೆ, ಹಾಗೇ ಕೂರಿಸಿ. ಅದನ್ನು ಚಾರ್ಜ್ ಇರುವ ಲ್ಯಾಪ್‌ಟಾಪಿಗೆ ಚುಚ್ಚಿ. ಮತ್ತೆ ಕರೆಂಟನ್ನು ನಂಬುವ ಹುಚ್ಚು ಬೇಡ.

ಈಗ ಎಲ್ಲರೂ ಹೊಸ ಫೈಲ್ ಬರೆಯಲು ಅವಸರ ಮಾಡುತ್ತಾರೆ. ತಡೆಯಿರಿ. ಕೆಟ್ಟು ಕೂತ ಬಯಾಸನ್ನೇ ಮೊದಲು ಓದಿ ಇಟ್ಟುಕೊಳ್ಳಿ. ಹೀಗೆ ಹೇಳಲು ಕಾರಣ ಇದೆ. ಕೆಲವು ವರ್ಷದ ಹಿಂದೆ ಒಂದೇ ಮಾಡೆಲ್ಲಿನ ಎರಡು ಲ್ಯಾಪ್‌ಟಾಪುಗಳು ಬಂದಿದ್ದವು. ಹಳೆಯದನ್ನು ಓದುವ ಗೋಜಿಗೆ ಹೋಗದೆ, ಎಲ್ಲಿಂದಲೋ ಸಿಕ್ಕ ಪೂರ್ತಿ ಫೈಲನ್ನು ಎರಡಕ್ಕೂ ಬರೆದು ಬೀಗುತ್ತಾ ಕಳಿಸಿದೆ. ವಾರದಲ್ಲಿ ಫೋನ್: "ಒಂದರಲ್ಲಿ ನೆಟ್ ಬಂದರೆ ಇನ್ನೊಂದರಲ್ಲಿ ಹೋಗ್ತದಲ್ಲ!" ನೋಡಿದರೆ ಎರಡರದ್ದೂ ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಒಂದೊಂದು ಮಿಷನ್ನಿಗೂ ಬೇರೆಬೇರೆ ಇರಬೇಕಾದ ಗುರುತಿನ ನಂಬರ್, 88:88:88:88:87:88. ಇಂಟೆಲ್ಲಿನ ಲ್ಯಾನ್ (ನೆಟ್ ಕೇಬಲ್ ಜೋಡಿಸುವ ಭಾಗ) ಇರುವ ಮಿಷನ್ನುಗಳಲ್ಲಿ ಆ ವಿಳಾಸ ಬಯಾಸ್ ಚಿಪ್ಪಿನಲ್ಲೇ ಕೂತಿರುತ್ತದೆ. ಅಸಲಿಯನ್ನು ಒರೆಸಿದ್ದೆ, ಉಳಿದದ್ದು ಕಾರ್ಖಾನೆಯ ಖಾಲಿ ನಂಬರ್. ಸೀರಿಯಲ್ ನಂಬರ್, ವಿಂಡೋಸ್ 8ರಿಂದೀಚೆಗಿನ ಕಂಪನಿ ಮಿಷನ್ನುಗಳ ವಿಂಡೋಸ್ ಕೀ ಕೂಡ ಅಲ್ಲೇ ಇರುತ್ತವೆ.

ಓದಲು ನಾನು ಬಳಸುವುದು ಲಿನಕ್ಸಿನ ಫ್ಲಾಶ್‌ರಾಮ್ ಅನ್ನುವ ಪ್ರೋಗ್ರಾಂ. ಫೋನಿನಲ್ಲಿ ಯಾರಿಗಾದರೂ ಹೇಳಿಕೊಡುವಾಗ ಹೀಗೆ ಹೇಳುತ್ತೇನೆ: ಫ್ಲಾಶ್‌ರಾಮ್, ಜಾಗ ಬಿಟ್ಟು ಹೈಫನ್ ಪಿ, ಜಾಗ ಬಿಟ್ಟು ಸಿಎಚ್341ಎ ಅಂಡರ್‌ಸ್ಕೋರ್ ಎಸ್‌ಪಿಐ, ಜಾಗ ಬಿಟ್ಟು ಹೈಫನ್ ಆರ್, ಆಮೇಲೆ ಫೈಲಿನ ಹೆಸರು, ಎಲ್ಲ ಸಣ್ಣಕ್ಷರ. ಎರಡು ಸಲ ಓದಿ, ಎರಡು ಹೆಸರಲ್ಲಿ ಉಳಿಸಿ, ಎರಡರ ಶಾ256 (ಫೈಲಿನಲ್ಲಿ ಒಂದಕ್ಷರ ಬೇರೆಯಾದರೂ ಬದಲಾಗುವ ಬೆರಳಚ್ಚಿನಂಥ ಲೆಕ್ಕ) ತಾಳೆ ನೋಡಿ. ತಾಳೆಯಾಗದಿದ್ದರೆ ಚಿಪ್ಪಿನ ಕಾಲೋ ಕ್ಲಿಪ್ಪೋ ಸರಿಯಾಗಿ ತಾಗಿಲ್ಲ ಅಂತಲೇ ಅರ್ಥ. ಕಾಲುಗಳನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿ. ತಾಳೆಯಾಗುವವರೆಗೆ ಬರೆಯುವ ಮಾತೇ ಇಲ್ಲ.

ನನ್ನ ಎರಡು ಪ್ರತಿಗಳು ತಾಳೆಯಾದವು, ತಲಾ 4194304 ಬೈಟ್. ಫೈಲಿನ ಒಂದೊಂದೇ ಬೈಟ್ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದರೆ ಅಪಘಾತದ ಜಾಗ ಕಣ್ಣಿಗೇ ಕಂಡಿತು. ಅಕ್ಷರ, ಅಂಕಿ ಗಿಜಿಗುಡುತ್ತಾ ಬಂದದ್ದು ಒಂದು ಕಡೆ ಕತ್ತರಿಸಿದ ಹಾಗೆ ನಿಂತು, ಮುಂದೆ ಪುಟಗಟ್ಟಲೆ ಬರೀ ಎಫ್‌ಎಫ್ ಎಫ್‌ಎಫ್ ಎಫ್‌ಎಫ್. ಒರೆಸಿ ಆಗಿತ್ತು, ಬರೆಯುವಷ್ಟರಲ್ಲಿ ಕರೆಂಟ್ ಹೋಗಿತ್ತು.

ಹೊಸ ಫೈಲನ್ನು ಬೋರ್ಡ್ ಕಂಪನಿಯ ತಾಣದಿಂದಲೇ ಇಳಿಸಿಕೊಳ್ಳಿ, ಬೋರ್ಡಿನ ಮೇಲೆ ಅಚ್ಚಾದ ರಿವಿಷನ್ ನಂಬರನ್ನೂ ನೋಡಿ. ಫೈಲಿನ ಅಳತೆ ಚಿಪ್ಪಿನಷ್ಟೇ ಇರಬೇಕು. 2048 ಬೈಟ್ ಹೆಚ್ಚಿದ್ದರೆ, ಏಸಸ್ ಕ್ಯಾಪ್ ಫೈಲುಗಳಲ್ಲಿ ಹಾಗಿರುತ್ತದೆ, ಫೈಲಿನ ಮೊದಲಿಗಿರುವ ಆ ತಲೆಪಟ್ಟಿಯನ್ನು ಕತ್ತರಿಸಿ ಬರೆಯಬೇಕು. ಅಳತೆ ಕಡಿಮೆ ಇದ್ದರೆ ಎಚ್ಚರ. ಇಂಟೆಲ್ ಬೋರ್ಡಿನ ಪೂರ್ತಿ ಪ್ರತಿಯಲ್ಲಿ ಮೊದಲ 16 ಬೈಟ್ ಬಿಟ್ಟರೆ ಮುಂದಿನ ನಾಲ್ಕು 5ಎ ಎ5 ಎಫ್0 0ಎಫ್ ಆಗಿರುತ್ತವೆ. ಆ ನಾಲ್ಕು ಇಲ್ಲದಿದ್ದರೆ ಅದು ಬಯಾಸ್ ಭಾಗ ಮಾತ್ರ. ನಿಮ್ಮ ಹಳೇ ಪ್ರತಿಯ ಕೊನೆಯ ಭಾಗದ ಜಾಗಕ್ಕೇ ಅದನ್ನು ಕೂರಿಸಿ ಬರೆಯಬೇಕೇ ಹೊರತು ಚಿಪ್ಪಿನ ಮೊದಲಿಂದ ಸುರಿಯಬಾರದು. ಮಂಡಿಯದಕ್ಕೆ ಸಿಕ್ಕಿದ್ದು ಪೂರ್ತಿ ಫೈಲು, ಲ್ಯಾನ್ ಇಂಟೆಲ್ಲಿನದಲ್ಲ. ಹಾಗಾಗಿ ಹೈಫನ್ ಆರ್ ಇದ್ದಲ್ಲಿ ಹೈಫನ್ ಡಬ್ಲ್ಯೂ ಹಾಕಿ ಬರೆದೆ. ಒಂದು ಲೋಟ ಚಾ ಮುಗಿಯುವಷ್ಟರಲ್ಲಿ 'ವೆರಿಫೈಡ್' ಅಂತ ಬಂತು.

ಚಿಪ್ಪನ್ನು ಫೋಟೋದಲ್ಲಿದ್ದ ಹಾಗೇ ಕೂರಿಸಿ, ಹಳೇ ಐ3, ಒಂದೇ ರ‍್ಯಾಮ್ ಇಟ್ಟು ಆನ್ ಮಾಡಿದೆ. ಒಮ್ಮೆ ತಾನೇ ಆಫ್ ಆಗಿ ಮತ್ತೆ ಹೊತ್ತಿತು. ಹೆದರಬೇಡಿ, ಹೊಸ ಬಯಾಸ್ ಮೊದಲ ಸಲ ಹಾಗೆ ಮಾಡುವುದುಂಟು. ಆಮೇಲೆ ಬೀಪ್, ಪರದೆಯಲ್ಲಿ ಕಂಪನಿಯ ಗುರುತು.

ಡಿಸ್ಕ್ ಹಾಕಿದರೆ ವಿಂಡೋಸ್ 7 ನೀಲಿ ಪರದೆ ತೋರಿಸಿತು, ಕೊನೆಯಲ್ಲಿ ತಪ್ಪಿನ ನಂಬರ್ 7ಬಿ. ಯಜಮಾನರು ಮತ್ತೆ ಎದ್ದು ನಿಂತರು. ಡಿಸ್ಕ್ ಕೆಟ್ಟದ್ದಲ್ಲ, ಬಯಾಸ್ ಹೊಸದಾದ ಮೇಲೆ ಸಾಟಾ ಮೋಡ್ (ಬೋರ್ಡು ಡಿಸ್ಕಿನ ಜೊತೆ ಮಾತಾಡುವ ಕ್ರಮ) ಐಡಿಇಗೆ ಹೋಗಿತ್ತು, ವಿಂಡೋಸ್ ಹಾಕುವಾಗ ಇದ್ದದ್ದು ಎಎಚ್‌ಸಿಐ. ಬದಲಿಸಿ, ತಾರೀಕು ಸರಿಮಾಡಿದೆ. ಟ್ಯಾಲಿ ತೆರೆದುಕೊಂಡಿತು.

ಐ5 ಹಾಕಿದ್ದು ಮರುದಿನ, ಯುಪಿಎಸ್ಸಿಗೆ ಹೊಸ ಬ್ಯಾಟರಿ ಬಂದ ಮೇಲೆ. ಬ್ಯಾಟರಿ ದುಡ್ಡು ನಾನೇ ಕೊಟ್ಟೆ.