ಅಡಿಕೆ ಅಂಗಳದಲ್ಲಿ ತುಳಸಿ ಒಣಗಿಸಬೇಡಿ

ಮದುವೆಯಾಗಿ ಸಾಗರದ ಕಡೆ ಬಂದ ಮೊದಲ ಬೇಸಿಗೆ. ಒಂದು ಮೊರ ತುಂಬ ತುಳಸಿ ಕೊಯ್ದು, ಅಡಿಕೆ ಒಣಗಿಸುವ ಅಂಗಳದಲ್ಲೇ ಹರವಿದೆ. ನಾನು ದಾವಣಗೆರೆ ಕಡೆಯವಳು. ಮೆಣಸಿನಕಾಯಿ, ಹಪ್ಪಳ, ಶಾವಿಗೆ, ಸಂಡಿಗೆ ಎಲ್ಲವನ್ನೂ ಬಿಸಿಲಿಗೇ ಹಾಕಿ ಬೆಳೆದವರಿಗೆ ಒಣಗಿಸುವುದೆಂದರೆ ಬಿಸಿಲು, ಅಷ್ಟೇ. ಸಂಜೆ ಹೊತ್ತಿಗೆ ಎಲೆ ಗರಿಗರಿಯಾಗಿತ್ತು, ನನಗೋ ಹೆಮ್ಮೆ. ಅತ್ತೆ ಬಂದು ಒಂದು ಚಿಟಿಕೆ ಎತ್ತಿ, ಅಂಗೈಯಲ್ಲಿ ಉಜ್ಜಿ ಮೂಸಿದರು. “ಎಂತಕ್ಕೆ ಬಿಸಿಲಿಗೆ ಹಾಕಿದೆ ಕೂಸೇ? ಇದಕ್ಕೂ ಒಣಹುಲ್ಲಿಗೂ ಎಂತ ವ್ಯತ್ಯಾಸ?” ಅಂದರು. ನಾನೂ ಮೂಸಿದೆ. ನಿಜಕ್ಕೂ ಒಣಹುಲ್ಲಿನ ವಾಸನೆ.

ಅದಾಗಿ 28 ವರ್ಷ. ಈಗ ಬೆಂಗಳೂರಿನ ಮಗಳು, ಧಾರವಾಡದ ತಂಗಿ, ಅವರ ಅಕ್ಕಪಕ್ಕದ ಮನೆಯವರು ಎಲ್ಲ ಸೇರಿ ನನ್ನ ಒಣಸೊಪ್ಪಿನ ಬಾಟಲಿಗಳಿಗೆ ಕಾಯುತ್ತಾರೆ. ಸೊಪ್ಪು ಒಣಗಿಸುವುದು ಹೇಗೆ ಅಂತ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಈ ಸಲ ಬರೆದೇ ಬಿಡುತ್ತಿದ್ದೇನೆ.

ಎಲೆಯ ಪರಿಮಳ ಅಂದರೆ ಅದರೊಳಗಿನ ಎಣ್ಣೆ. ತುಳಸಿಯ ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಲ್ಲಿ ಅದು ಕೂತಿರುತ್ತದೆ, ಕಾವು ತಾಗಿದರೆ ಹಾರಿಹೋಗುತ್ತದೆ. ಹಾಗಾಗಿ ಸೊಪ್ಪಿಗೆ ಬೇಕಾದ್ದು ಬಿಸಿಲಲ್ಲ, ನೆರಳು ಮತ್ತು ಗಾಳಿ. ಬಿಸಿಲು ಬಣ್ಣವನ್ನೂ ತಿನ್ನುತ್ತದೆ. ನೆರಳಲ್ಲಿ ಒಣಗಿದ ಕರಿಬೇವು ಹಸಿರಾಗಿಯೇ ಇದ್ದರೆ ಬಿಸಿಲಲ್ಲಿ ಒಣಗಿದ್ದು ತರಗೆಲೆಯ ಬಣ್ಣಕ್ಕೆ ತಿರುಗುತ್ತದೆ.

ಅದಕ್ಕಿಂತ ಮೊದಲು ಯಾವುದನ್ನು ಒಣಗಿಸಬೇಕು ಅಂತ ತೀರ್ಮಾನವಾಗಬೇಕು. ಹಿತ್ತಲಲ್ಲಿ ಇರುವುದನ್ನೆಲ್ಲ ಒಣಗಿಸಿ ಬಾಟಲಿಗೆ ತುಂಬುವ ಹುಚ್ಚು ನನಗೂ ಇತ್ತು. ಒಂದೆಲಗವನ್ನು ಒಣಗಿಸಿ ಪುಡಿ ಮಾಡಿದೆ. ಬಂದದ್ದು ಹಸಿರು ಬಣ್ಣದ ಧೂಳು. ಒಂದೆಲಗ ಬೇರು ಸಮೇತ ಕಿತ್ತು, ತೊಳೆದು, ಅವತ್ತೇ ತಂಬುಳಿಯಾಗಬೇಕು. ಒಂದು ಹಿಡಿ ಸೊಪ್ಪು, ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಕಾಯಿತುರಿಯ ಜೊತೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಕದಡಿ ಒಗ್ಗರಣೆ ಕೊಟ್ಟರೆ ಮುಗಿಯಿತು. ಕುದಿಸಬಾರದು. ದೊಡ್ಡಪತ್ರೆಯಂತೂ ಇನ್ನೂ ಮೊಂಡು. ದಪ್ಪ ಎಲೆ, ತುಂಬ ನೀರೇ. ನೆರಳಲ್ಲಿ ಮೂರು ದಿನ ಇಟ್ಟರೆ ಕಪ್ಪಾಗಿ ಕೊಳೆಯಿತು. ಅದರ ಒಂದು ಕುಡಿಯನ್ನು ಲೋಟದ ನೀರಲ್ಲಿ ಇಟ್ಟರೆ ಬೇರು ಬಿಟ್ಟುಕೊಂಡು ಬದುಕುತ್ತದೆ, ಮತ್ತೆ ಒಣಗಿಸುವುದೇಕೆ? ಕೆಮ್ಮಿಗೆ ಎಲೆಯನ್ನು ಕಾವಲಿಯ ಮೇಲೆ ಬಾಡಿಸಿ ರಸ ಹಿಂಡಿ ಜೇನು ಬೆರೆಸಿ ಕೊಡುತ್ತೇವೆ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನು ನೆಕ್ಕಿಸಬೇಡಿ, ಹಿರಿಯರು ಎಷ್ಟು ಹೇಳಿದರೂ.

ಒಣಗಿಸಿದರೆ ಉಪಯೋಗಕ್ಕೆ ಬರುವುದು ನನ್ನ ಅನುಭವದಲ್ಲಿ ಇಷ್ಟು: ತುಳಸಿ, ಕರಿಬೇವು, ಪುದೀನ, ಮೆಂತ್ಯ ಸೊಪ್ಪು, ಮಜ್ಜಿಗೆ ಹುಲ್ಲು (ನಿಂಬೆ ಹುಲ್ಲು), ನೆಲನೆಲ್ಲಿ. ಬೇರುಗಳ ಪೈಕಿ ಲಾವಂಚ. ಕೊತ್ತಂಬರಿ ಸೊಪ್ಪು ಒಣಗಿಸುವವರಿದ್ದಾರೆ. ಅವರ ಮನೆಯ ಸಾರು ಉಂಡಿದ್ದೇನೆ, ಹೆಚ್ಚು ಹೇಳುವುದಿಲ್ಲ.

ಕೊಯ್ಯುವ ಹೊತ್ತು ಬೆಳಗ್ಗೆ. ಇಬ್ಬನಿ ಆರಿರಬೇಕು, ಬಿಸಿಲು ಏರಿರಬಾರದು. ನಮ್ಮಲ್ಲಿ ಚಳಿಗಾಲದಲ್ಲಿ ಇಬ್ಬನಿ ಒಂಬತ್ತು ಗಂಟೆಯವರೆಗೂ ಎಲೆ ಬಿಡುವುದಿಲ್ಲ, ಹಾಗಾಗಿ ತಿಂಡಿ ಮುಗಿಸಿಯೇ ಹಿತ್ತಲಿಗೆ ಹೋಗುತ್ತೇನೆ. ಮಳೆ ಬಂದ ಮೇಲೆ ಎರಡು ದಿನ ಒಣಹವೆ ಸಿಗುವವರೆಗೆ ಕತ್ತರಿ ಮುಟ್ಟುವುದಿಲ್ಲ. ಅತ್ತೆಯಿಂದ ಕಲಿತ ಒಂದು ಉಪಾಯ ಇದೆ: ಕೊಯ್ಯುವ ಹಿಂದಿನ ದಿನ ಸಂಜೆ ಗಿಡಕ್ಕೇ ಚೆನ್ನಾಗಿ ನೀರು ಚಿಮುಕಿಸಿ ಧೂಳು ಕಳೆಯುವುದು. ಗಿಡದ ಮೇಲೇ ತೊಳೆದ ಎಲೆಯನ್ನು ಕೊಯ್ದ ಮೇಲೆ ಮತ್ತೆ ಒದ್ದೆ ಮಾಡಬೇಕಾಗಿಲ್ಲ, ಒಣಗುವುದೂ ಒಂದು ದಿನ ಬೇಗ.

ಅಡಿಕೆ ತೋಟದವರಿಗೆ ಒಂದು ಮಾತು. ಕೊಳೆರೋಗಕ್ಕೆ ಅಂತ ಮಳೆ ಹಿಡಿಯುವ ಹೊತ್ತಿಗೆ ಬೋರ್ಡೋ ಹೊಡೆಸುತ್ತೀರಲ್ಲ, ಆ ಮೈಲುತುತ್ತ ಸುಣ್ಣದ ನೀರು ಅಡಿಕೆ ಗೊನೆಗೆ ಮಾತ್ರ ಬೀಳುವುದಿಲ್ಲ. ಮರದ ಬುಡದ ಒಂದೆಲಗ, ಕಾಲುವೆ ಬದಿಯ ನೆಲನೆಲ್ಲಿ ಎಲ್ಲದರ ಮೇಲೂ ತೊಟ್ಟಿಕ್ಕುತ್ತದೆ. ಆಗ ತೋಟದ ಸೊಪ್ಪು ಬೇಡ. ಅದಕ್ಕೇ ನಾನು ಬಳಸುವ ಗಿಡಗಳನ್ನೆಲ್ಲ ಬಾವಿಕಟ್ಟೆಯ ಹಿಂದೆ ಬೇರೆಯಾಗಿ ಬೆಳೆಸಿಕೊಂಡಿದ್ದೇನೆ.

ತುಳಸಿಯಲ್ಲೂ ನಮ್ಮಲ್ಲಿ ಎರಡು ವಿಭಾಗ. ಕಟ್ಟೆಯ ತುಳಸಿ ದೇವರದ್ದು. ದ್ವಾದಶಿ ದಿನ ಮುಟ್ಟುವಂತಿಲ್ಲ, ಸಂಜೆ ಮೇಲೆ ಕೊಯ್ಯುವಂತಿಲ್ಲ. ಕಷಾಯಕ್ಕೆ ಬೇರೆಯೇ ಸಾಲು. ಕದಿರು ಬಿಡುವ ಮೊದಲು ಕೊಯ್ಯಬೇಕು, ಯಾಕೆಂದರೆ ಹೂವು ಬಿಟ್ಟ ಮೇಲೆ ಗಿಡದ ಶಕ್ತಿಯೆಲ್ಲ ಬೀಜಕ್ಕೆ ಹೋಗಿ ಎಲೆ ಸಣ್ಣದಾಗುತ್ತದೆ, ಒರಟಾಗುತ್ತದೆ. ಎಲೆ ಎಲೆಯಾಗಿ ಕೀಳಬೇಡಿ. ರೆಂಬೆಯ ಮೇಲಿನ ಮೂರನೇ ಒಂದು ಭಾಗವನ್ನು ಜೋಡಿ ಎಲೆಯ ಸ್ವಲ್ಪ ಮೇಲೆ ಕತ್ತರಿಸಿ. ಆ ಜೋಡಿಯ ಬುಡದಿಂದ ಎರಡು ಕುಡಿ ಚಿಗುರುತ್ತವೆ. ಹೀಗೆ ಕತ್ತರಿಸಿದಷ್ಟೂ ಗಿಡ ಪೊದೆಯಾಗುತ್ತದೆ. ಪೂರ್ತಿ ಬೋಳಿಸಿದರೆ ಸಾಯುತ್ತದೆ, ಅದನ್ನೂ ಮಾಡಿ ನೋಡಿದ್ದೇನೆ.

ಇನ್ನು ಒಣಗಿಸುವ ಜಾಗ. ನಮ್ಮ ಜಗುಲಿಯ ಪಕ್ಕದ ಕೋಣೆಗೆ ಎದುರುಬದುರು ಎರಡು ಕಿಟಕಿ. ಅಲ್ಲಿ ನಮ್ಮನೆಯವರ ಹಳೇ ಪಂಚೆಯನ್ನು ನಾಲ್ಕು ಮೂಲೆಗೆ ಹಗ್ಗ ಕಟ್ಟಿ ಜೋಲಿಯ ಹಾಗೆ ಬಿಗಿದು, ಅದರ ಮೇಲೆ ಸೊಪ್ಪು ಹರವುತ್ತೇನೆ. ನೆಲಕ್ಕೆ ತಾಗದೆ ಇದ್ದರೆ ಕೆಳಗಿನಿಂದಲೂ ಗಾಳಿ ಆಡುತ್ತದೆ. ಬಿದಿರಿನ ತಟ್ಟಿ ಇದ್ದವರಿಗೆ ಇನ್ನೂ ಒಳ್ಳೆಯದು. ಒಂದೇ ಪದರ ಇರಲಿ, ದಿನಕ್ಕೆ ಒಮ್ಮೆ ತಿರುವಿ. ನೆಲನೆಲ್ಲಿ, ಪುದೀನ, ತುಳಸಿಯ ರೆಂಬೆಗಳನ್ನು ಸಣ್ಣ ಸಣ್ಣ ಕಟ್ಟು ಮಾಡಿ ತಲೆಕೆಳಗಾಗಿ ತೂಗುಹಾಕಬಹುದು. ಕಟ್ಟು ಹೆಬ್ಬೆರಳಿಗಿಂತ ದಪ್ಪ ಬೇಡ, ನಡುವಿನದ್ದು ಮುಗ್ಗುತ್ತದೆ. ಒಳ್ಳೆಯ ಹವೆಯಲ್ಲಿ ಕರಿಬೇವಿಗೆ ಮೂರ್ನಾಲ್ಕು ದಿನ, ತುಳಸಿಗೆ ಐದಾರು, ನೆಲನೆಲ್ಲಿಗೆ ವಾರ. ಮಗಳಿಗೆ ಫ್ಲಾಟಿನಲ್ಲಿ ಹಗ್ಗ ಕಟ್ಟುವ ಜಾಗವಿಲ್ಲ. ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಮೇಲೆ ಹತ್ತಿ ಸೀರೆ ಹಾಸಿ, ಫ್ಯಾನ್ ನಿಧಾನಕ್ಕೆ ತಿರುಗಿಸಿ ಒಣಗಿಸುತ್ತಾಳೆ. ನನ್ನದಕ್ಕಿಂತ ಚೆನ್ನಾಗಿಯೇ ಬರುತ್ತದೆ, ಬೆಂಗಳೂರಿನ ಹವೆ ಒಣ ನೋಡಿ.

ಮಲೆನಾಡಿನ ಮಳೆಗಾಲದ್ದೇ ಕಥೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪೇ ನೀರಾಗುವ ಊರಲ್ಲಿ ಎಲೆ ಒಣಗುವುದುಂಟೇ? ನೆಲನೆಲ್ಲಿ ಹುಲುಸಾಗಿ ಬರುವುದೂ ಆಗಲೇ. ಮೊದಲು ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟೆ. ಒಣಗಿತು, ಆದರೆ ಕಷಾಯ ಮಾಡಿದರೆ ಹೊಗೆ ಕುಡಿದ ಹಾಗೆ. ಹೊಗೆ ವಾಟೆಹುಳಿಗೆ, ಮುರುಗಲು ಸಿಪ್ಪೆಗೆ ಪರವಾಗಿಲ್ಲ, ಎಲೆಗೆ ಆಗುವುದಿಲ್ಲ. ಈಗ ಬಚ್ಚಲೊಲೆಯ ಗೋಡೆಯ ಆಚೆ ಬದಿಯ ಗೂಡಿನಲ್ಲಿ ಇಡುತ್ತೇನೆ. ಗೋಡೆ ಬೆಚ್ಚಗಿರುತ್ತದೆ, ಹೊಗೆ ಬರುವುದಿಲ್ಲ. ಕೈ ಇಟ್ಟರೆ ಹಿತವಾಗಿ ಬೆಚ್ಚಗಿರಬೇಕು, ಕೈ ಹಿಂದೆಗೆಯುವಷ್ಟು ಬಿಸಿ ಇದ್ದರೆ ಹೆಚ್ಚಾಯಿತು ಅಂತ ಲೆಕ್ಕ. ಕರೆಂಟಿನ ಡ್ರೈಯರ್ ಇದ್ದವರು 40 ಡಿಗ್ರಿ ಆಸುಪಾಸು ಇಟ್ಟುಕೊಳ್ಳಿ.

ಒಣಗಿತೋ ಇಲ್ಲವೋ ಅಂತ ಎಲೆಯನ್ನು ಕೇಳಬೇಡಿ, ಕಡ್ಡಿಯನ್ನು ಕೇಳಿ. ಎಲೆ ಬೇಗ ಗರಿಗರಿಯಾಗಿ ಮೋಸ ಮಾಡುತ್ತದೆ. ಕಡ್ಡಿ ಬಗ್ಗಿದರೆ ಇನ್ನೂ ಇದೆ, ಪಟ್ ಅಂತ ಮುರಿದರೆ ಆಯಿತು. ಆಮೇಲೂ ನೇರ ಡಬ್ಬಿಗೆ ತುಂಬಬೇಡಿ. ಒಂದು ವರ್ಷ ಅವಸರಕ್ಕೆ ಬಿದ್ದು ನೆಲನೆಲ್ಲಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ತಂಗಿಗೆ ಬಸ್ಸಿನಲ್ಲಿ ಕಳಿಸಿದ್ದೆ. ಅವಳು ಬಿಚ್ಚಿದಾಗ ಬಿಳಿ ಬೂಷ್ಟು. ಪಾಪ, “ಅಕ್ಕಾ, ಇದರ ಮೇಲೆ ಬೆಳ್ಳಗೆ ಏನೋ ಔಷಧಿ ಹಾಕಿದ್ದೀಯಾ?” ಅಂತ ಕೇಳಿದಳು. ಅಂದಿನಿಂದ ಮೊದಲು ಗಾಜಿನ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು, ಎರಡು ದಿನ ಕಣ್ಣೆದುರು ಇಡುತ್ತೇನೆ. ಮುಚ್ಚಳದ ಒಳಗೆ, ಗಾಜಿನ ಮೈಗೆ ಮಂಜು ಹಿಡಿದರೆ ಮತ್ತೆ ಪಂಚೆಗೆ. ಬೂಷ್ಟು ಬಂದದ್ದನ್ನು ಒರೆಸಿ, ಹುರಿದು ಉಳಿಸಿಕೊಳ್ಳುವ ಪ್ರಯತ್ನ ಬೇಡ, ಗೊಬ್ಬರದ ಗುಂಡಿಗೆ ಹಾಕಿ.

ಬಾಟಲಿ ಕತ್ತಲೆಯ ಕಪಾಟಿನಲ್ಲಿರಲಿ, ಒಲೆ ಪಕ್ಕದ ಶೆಲ್ಫಿನಲ್ಲಿ ಅಲ್ಲ. ಎಲೆಯನ್ನು ಇಡಿಯಾಗಿಯೇ ತುಂಬಿ, ಬೇಕಾದಾಗ ಪುಡಿ ಮಾಡಿಕೊಳ್ಳಿ. ಹೆಸರು, ತಿಂಗಳು ಬರೆದು ಅಂಟಿಸಿ. ಒಣಗಿದ ಮೇಲೆ ಪುದೀನ ಯಾವುದು, ತುಳಸಿ ಯಾವುದು ಅಂತ ಕಣ್ಣಿಗೆ ತಿಳಿಯುವುದಿಲ್ಲ.

ನಮ್ಮನೆಯ ಕಷಾಯದ ಪುಡಿ ಹೀಗೆ. ಒಂದು ಬಟ್ಟಲು ಕೊತ್ತಂಬರಿ ಬೀಜ, ಅರ್ಧ ಬಟ್ಟಲು ಜೀರಿಗೆ, ಎರಡು ದೊಡ್ಡ ಚಮಚ ಕಾಳುಮೆಣಸು, ಒಂದು ಸಣ್ಣ ಚಮಚ ಮೆಂತ್ಯ, ಇವನ್ನು ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಬೇಕು. ಎರಡಿಂಚು ಒಣಶುಂಠಿ, ಐದಾರು ಏಲಕ್ಕಿ ಜಜ್ಜಿ ಸೇರಿಸಿ. ಎಲ್ಲ ಪೂರ್ತಿ ತಣ್ಣಗಾದ ಮೇಲೆ ಒಂದು ಬಟ್ಟಲು ಒಣ ತುಳಸಿ ಹಾಕಿ ಪುಡಿ ಮಾಡಿ. ತುಳಸಿಯನ್ನು ಹುರಿದರೆ ಅಷ್ಟು ದಿನ ನೆರಳಲ್ಲಿ ಕಾದದ್ದು ದಂಡ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಬೆಲ್ಲ, ಎರಡು ಕುದಿ, ಕೊನೆಗೆ ಹಾಲು. ಇದು ನಮಗೆ ಔಷಧಿಯಲ್ಲ, ಸಂಜೆಯ ಕಾಫಿಯ ಬದಲಿ.

ಕರಿಬೇವಿನ ಚಟ್ನಿಪುಡಿಗೆ ಬಲಿತ, ಕಡು ಹಸಿರು ಎಲೆಯೇ ಬೇಕು. ಯುಗಾದಿ ಹೊತ್ತಿನ ತಿಳಿ ಚಿಗುರು ಒಣಗಿದರೆ ಏನೂ ಉಳಿಯುವುದಿಲ್ಲ. ಎರಡು ಬಟ್ಟಲು ಒಣ ಎಲೆಗೆ ಅರ್ಧ ಬಟ್ಟಲು ಕಡಲೆಬೇಳೆ, ಅದರ ಅರ್ಧ ಉದ್ದಿನಬೇಳೆ, ಎಂಟು ಹತ್ತು ಬ್ಯಾಡಗಿ ಮೆಣಸು, ಅರ್ಧ ಬಟ್ಟಲು ಒಣಕೊಬ್ಬರಿ, ಹುಣಸೆ, ಉಪ್ಪು, ಚೂರು ಬೆಲ್ಲ. ಬೇಳೆ, ಮೆಣಸು ಹುರಿದು ಒಲೆ ಆರಿಸಿ. ಆ ಬಾಣಲೆಯ ಉಳಿದ ಬಿಸಿಯಲ್ಲೇ ಎಲೆಯನ್ನು ಒಮ್ಮೆ ತಿರುವಿದರೆ ಸಾಕು. ದಾವಣಗೆರೆಯ ನನ್ನ ತವರಲ್ಲಿ ಇದಕ್ಕೆ ಬೆಳ್ಳುಳ್ಳಿ ಇಲ್ಲದೆ ನಡೆಯುವುದಿಲ್ಲ, ಇಲ್ಲಿ ಅತ್ತೆ ಇರುವವರೆಗೆ ಬೆಳ್ಳುಳ್ಳಿ ಹಾಕುವಂತಿರಲಿಲ್ಲ. ಈಗ ಎರಡು ಬಾಟಲಿ ಮಾಡುತ್ತೇನೆ.

ಮಜ್ಜಿಗೆ ಹುಲ್ಲನ್ನು ಬುಡದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ. ಅಂಚು ಬೆರಳು ಕುಯ್ಯುತ್ತದೆ, ಜೋಪಾನ. ಹಸಿ ಇರುವಾಗಲೇ ಕತ್ತರಿಯಲ್ಲಿ ತುಂಡು ಮಾಡಿ ಹರವಿ. ಒಣಗಿದ್ದು ಚಹಾಕ್ಕೆ, ಕಷಾಯಕ್ಕೆ. ಮಜ್ಜಿಗೆಗೆ ಮಾತ್ರ ಹಸಿ ಎಲೆಯನ್ನೇ ಗಂಟು ಹಾಕಿ, ಜಜ್ಜಿ, ಉಪ್ಪು ಶುಂಠಿಯ ಜೊತೆ ಅರ್ಧ ಗಂಟೆ ಮುಳುಗಿಸಿಡಬೇಕು. ಹೆಸರೇ ಹೇಳುತ್ತದಲ್ಲ.

ನೆಲನೆಲ್ಲಿ ಕೀಳುವಾಗ ಎಲೆಕಡ್ಡಿಯ ಅಡಿಯಲ್ಲಿ ಸಾಲಾಗಿ ಸಾಸಿವೆಯಂಥ ಕಾಯಿ ಇದೆಯೇ ನೋಡಿ. ಗುರುತು ಸಿಗದಿದ್ದರೆ ಬಿಟ್ಟುಬಿಡಿ. ನಮ್ಮಲ್ಲಿ ಇದರ ಎಳೆಯದನ್ನು ತಂಬುಳಿ ಮಾಡುತ್ತೇವೆ. ಕಾಮಾಲೆಗೆ ಇದೇ ಮದ್ದು ಅಂತ ಊರೆಲ್ಲ ನಂಬಿಕೆ. 1988ರಲ್ಲಿ ಮದ್ರಾಸಿನ ಸಂಶೋಧಕರು ಹೆಪಟೈಟಿಸ್ ಬಿ ಮೇಲೆ ಇದು ಕೆಲಸ ಮಾಡುತ್ತದೆ ಅಂತ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಾಗ ದೊಡ್ಡ ಸುದ್ದಿಯಾಗಿತ್ತು. ಮುಂದಿನ ಹಲವು ಪ್ರಯೋಗಗಳಲ್ಲಿ ಅದೇ ಫಲ ಸಿಗಲಿಲ್ಲ. ಕಣ್ಣು ಹಳದಿಯಾದರೆ ಮೊದಲು ರಕ್ತ ಪರೀಕ್ಷೆ, ಆಮೇಲೆ ತಂಬುಳಿ. ಅಮೃತಬಳ್ಳಿಯನ್ನು ನಾನು ಪಟ್ಟಿಯಲ್ಲಿ ಸೇರಿಸದೆ ಇದ್ದದ್ದಕ್ಕೂ ಇದೇ ಕಾರಣ. ಕೊರೊನಾ ಹೊತ್ತಿನಲ್ಲಿ ಬಳ್ಳಿ ಕೇಳಿಕೊಂಡು ದಿನಾ ಯಾರಾದರೂ ಬರುತ್ತಿದ್ದರು. 2021ರಲ್ಲಿ ಮುಂಬೈಯ ವೈದ್ಯರು ಅದನ್ನು ಸೇವಿಸಿದ ಕೆಲವರ ಯಕೃತ್ತಿಗೆ ತೊಂದರೆಯಾದುದನ್ನು ವರದಿ ಮಾಡಿದರು, ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅವರು ತೀರ್ಮಾನಿಸಿಕೊಳ್ಳಲಿ, ನಾನಂತೂ ಯಾರಿಗೂ ಕಟ್ಟಿ ಕಳಿಸುವುದಿಲ್ಲ.

ಲಾವಂಚಕ್ಕೆ ತಾಳ್ಮೆ ಬೇಕು, ನೆಟ್ಟು ಒಂದೂವರೆ ವರ್ಷ. ಮಣ್ಣು ಹಸಿಯಿರುವಾಗ ಅಗೆದರೆ ಬೇರು ತುಂಡಾಗದೆ ಬರುತ್ತದೆ. ನಾಲ್ಕು ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ ಸಣ್ಣ ಸಿಂಬೆ ಸುತ್ತಿ. ಒಂದು ಕುಡಿಯುವ ನೀರಿನ ಮಣ್ಣಿನ ಮಡಕೆಗೆ; ಮೂರು ದಿನಕ್ಕೊಮ್ಮೆ ತೆಗೆದು ಒಣಗಿಸಿ ಮತ್ತೆ ಹಾಕಬಹುದು. ಇನ್ನೊಂದು ಸೀರೆಯ ಕಪಾಟಿಗೆ.

ಮೇ ಕೊನೆಯಲ್ಲಿ, ಮಳೆಗೆ ಮೊದಲು, ಬಾಟಲಿಗಳನ್ನೆಲ್ಲ ಇಳಿಸಿ ಮೂಸಿ ನೋಡುತ್ತೇನೆ. ಉಜ್ಜಿದರೂ ಪರಿಮಳ ಏಳದ್ದು ಅಡುಗೆಮನೆಯಿಂದ ಹೊರಗೆ. ಹಳೇ ತುಳಸಿ, ಮಜ್ಜಿಗೆ ಹುಲ್ಲನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಸ್ನಾನದ ಹಂಡೆಗೆ ಇಳಿಬಿಡುತ್ತೇನೆ. ನಮ್ಮನೆಯವರು ಅವತ್ತು ಬಚ್ಚಲಿಂದ ಬೇಗ ಹೊರಗೆ ಬರುವುದಿಲ್ಲ.